ಬಾನೆಟ್ಟಿನೊಳಗಿನ ಕೆಮ್ಮು

ದೆವ್ವ ಭೂತಗಳಲ್ಲಿ ನನಗೆ ನಂಬಿಕೆಯಿಲ್ಲ. ಕೊಟ್ಟೂರಿನ ಅಂಚೆ ಕಚೇರಿಯ ಕೌಂಟರಿನ ಹಿಂದೆ ಹತ್ತೊಂಬತ್ತು ವರ್ಷ ಕೂತವನಿಗೆ ಅದಕ್ಕೆಲ್ಲ ಪುರುಸೊತ್ತಾದರೂ ಎಲ್ಲಿಯದು? ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಸಂಗತಿಯಲ್ಲಿ ನಾನು ಎರಡು ಸಲ ಓಡಿದ್ದೇನೆ. ಎರಡು ಸಲವೂ ನನಗೆ ಬೇರೆ ಕಡೆ ತುರ್ತು ಕೆಲಸವಿತ್ತು.

ನಮ್ಮ ಮನೆಗೂ ವೀರಭದ್ರಯ್ಯನ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನುತ್ತೇವೆ. ವೀರಭದ್ರಯ್ಯ ಬಸ್ ಸ್ಟ್ಯಾಂಡಿನ ಎದುರು ನೋಟುಬುಕ್ಕು, ಪೆನ್ನು, ಪಂಚಾಂಗ ಮಾರುವ ಅಂಗಡಿ ಇಟ್ಟುಕೊಂಡವನು. ಸಾಧು ಮನುಷ್ಯ. ಒಂದೇ ದೋಷವೆಂದರೆ 'ಗೊತ್ತಿಲ್ಲ' ಎನ್ನುವ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಹೊಲಿಗೆ ಮಿಷನ್ನು, ಹೃದಯದ ಕವಾಟ, ರಷ್ಯಾ ದೇಶದ ಚಳಿ, ಯಾವುದನ್ನೇ ಕೇಳಿ, ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು ವಿವರಿಸಿಬಿಡುತ್ತಿದ್ದ.

ಇಂಥವನ ಅಂಗಳಕ್ಕೆ ಒಂದು ಟರ್ಬೊ ಕಾರು ಬಂದು ನಿಂತಿತು. ಅವನ ಹೆಂಡತಿ ದಾಕ್ಷಾಯಣಮ್ಮನವರ ತಮ್ಮ ಅಮರೇಶ ಹೊಸಪೇಟೆ ಕಡೆ ಅದಿರಿನ ಲಾರಿಗಳನ್ನು ಓಡಿಸುತ್ತಿದ್ದ. ಎರಡು ಸಾವಿರದ ಐದನೇ ಇಸವಿಯ ಆಚೀಚೆ ನಮ್ಮ ಜಿಲ್ಲೆಯಿಂದ ಕೆಂಪು ಮಣ್ಣು ಹಡಗು ಹತ್ತಿ ಹೋಗುತ್ತಿತ್ತು, ಕಾರುಗಳು ಹಡಗು ಇಳಿದು ಬರುತ್ತಿದ್ದವು. ಹಾಗೆ ಜಪಾನಿನಿಂದ ಇಳಿದ ಹಳೆಯ ಪೆಟ್ರೋಲ್ ಕಾರು ಇದು. ಅಮರೇಶ ಇದಕ್ಕಿಂತ ಎತ್ತರದ್ದೊಂದನ್ನು ತಂದುಕೊಂಡ ಮೇಲೆ ಇದನ್ನು ಅಕ್ಕನ ಮನೆಯಲ್ಲಿ ಬಿಟ್ಟ.

"ಭಾವಾರ, ಎಷ್ಟ್ ಬೇಕಾದ್ರೂ ಓಡಿಸ್ರಿ," ಅಂದ. "ಆದ್ರ ಬಾನೆಟ್ ಮಾತ್ರ ಮುಟ್ಟಬ್ಯಾಡ್ರಿ. ನೀವು ಒಳಗ ಕೈ ಹಾಕಿದ್ದು ಗೊತ್ತಾತಂದ್ರ ಅವತ್ತೇ ಬಂದು ಗಾಡಿ ತಗೊಂಡು ಹೋಗ್ತೀನಿ ನೋಡ್ರಿ."

ಅಮರೇಶನಿಗೆ ಭಾವನ ಪರಿಚಯ ಚೆನ್ನಾಗಿಯೇ ಇತ್ತು.

ಟರ್ಬೊ ಅಂದರೇನು ಎಂದು ಓಣಿಯವರು ಕೇಳಿದಾಗ ವೀರಭದ್ರಯ್ಯ ಕಣ್ಣು ಮುಚ್ಚಿ ತೆರೆದ. "ನೋಡ್ರಿ, ಸಾದಾ ಕಾರು ಗಾಳಿ ಕುಡಿತೈತಿ. ಇದು ಗಾಳಿ ಉಣ್ತೈತಿ." ಓಣಿಯವರು ತಲೆದೂಗಿದರು. ಅದು ಪೂರ್ತಿ ಸುಳ್ಳೂ ಅಲ್ಲವೆಂದು ಮುಂದೆ ನನಗೆ ತಿಳಿಯಿತು.

ಆಗ ವೀರಭದ್ರಯ್ಯನ ತಂದೆ ಇನ್ನೂ ಇದ್ದರು. ಅವರನ್ನು ಊರೆಲ್ಲ ದೊಡ್ಡಯ್ಯ ಎನ್ನುತ್ತಿತ್ತು. ಎಂಬತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಎದೆ ತುಂಬ ಕೆಮ್ಮು. ಆ ಕೆಮ್ಮಿಗೊಂದು ಗತ್ತಿತ್ತು, ಎರಡು ಗಿಡ್ಡ, ಒಂದು ಉದ್ದ. ಖೊಕ್, ಖೊಕ್, ಖೋಓಓ. ಓಣಿಯ ತಿರುವಿನಲ್ಲಿ ಅದು ಕೇಳಿದ ಕೂಡಲೇ ದಾಕ್ಷಾಯಣಮ್ಮ ಎಲ್ಲಿದ್ದರೂ ಸೆರಗನ್ನು ತಲೆಮೇಲೆ ಎಳೆದುಕೊಳ್ಳುತ್ತಿದ್ದರು. ಅವರೊಬ್ಬರೇ ಅಲ್ಲ, ನಾನೂ ಕಾಲಮೇಲಿನ ಕಾಲು ಇಳಿಸುತ್ತಿದ್ದೆ.

ದೊಡ್ಡಯ್ಯನವರಿಗೆ ಕಾರು ನೋಡಿ ಒಂದೇ ಆಸೆ ಹುಟ್ಟಿತು. "ವೀರೂ, ನನ್ನ ಒಮ್ಮಿ ಮಾಗಳಕ್ಕ ಕರ್ಕೊಂಡು ಹೋಗಪಾ. ಹೊಳಿ ನೋಡಿ ಬರಾಣ." ಮೈಯಲ್ಲಿ ಕಸುವಿರುವ ತನಕ ಅವರು ಎತ್ತಿನ ಗಾಡಿಯಲ್ಲಿ ಹಡಗಲಿ ದಾಟಿ ಮಾಗಳಕ್ಕೆ ಹೋಗಿ ಬರುತ್ತಿದ್ದವರು. ಅಮರೇಶನ ಡ್ರೈವರ್ ಅವತ್ತೇ ಕರೆದುಕೊಂಡು ಹೋಗಲು ತಯಾರಿದ್ದ. ಆದರೆ ವೀರಭದ್ರಯ್ಯನಿಗೆ ತಾನೇ ಓಡಿಸಿ ಅಪ್ಪನನ್ನು ಕೂರಿಸಿಕೊಂಡು ಹೋಗಬೇಕೆಂಬ ಹಂಬಲ, ಓಡಿಸಲು ಮಾತ್ರ ಇನ್ನೂ ಬರುತ್ತಿರಲಿಲ್ಲ. "ಮುಂದಿನ ಸೋಮವಾರ ಹೋಗೂಣಪ್ಪ" ಅಂದ. ಆ ಸೋಮವಾರ ಬಂತು, ಕಾರು ಹಿಂದಕ್ಕೆ ಹೋಗಿ ತುಳಸಿಕಟ್ಟೆಗೆ ತಾಗಿತು. "ಮುಂದಿನ ಸೋಮವಾರ" ಅಂದ. ಹೀಗೆ ನಾಲ್ಕು ಸೋಮವಾರ ಆದವು. ಐದನೆಯ ಸೋಮವಾರದ ಹಿಂದಿನ ದಿನ, ಛಟ್ಟಿ ಅಮಾವಾಸ್ಯೆ ಕಳೆದು ಮೂರು ದಿನಕ್ಕೆ, ದೊಡ್ಡಯ್ಯ ಲಿಂಗೈಕ್ಯರಾದರು. ಅಂಗಿ ಮಡಿಕೆ ಮಾಡಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದರು, ಪ್ರಯಾಣಕ್ಕೆ.

ಅದಾದ ಮೇಲೆ ವೀರಭದ್ರಯ್ಯ ಡ್ರೈವಿಂಗ್ ಕಲಿತ. ಚೆನ್ನಾಗಿಯೇ ಕಲಿತ. ವರ್ಷದ ಪುಣ್ಯತಿಥಿಯ ದಿನ ಅಪ್ಪನ ಫೋಟೊವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಮಾಗಳಕ್ಕೆ ಒಯ್ಯುವುದಾಗಿ ಅವರ ಸಮಾಧಿ ಗದ್ದುಗೆಯ ಮುಂದೆ ಕೈಮುಗಿದು ಹೇಳಿದ. ಅವನಿಗೆ ಬೇಕಾಗಿದ್ದು ಇಷ್ಟೇ, ಬದುಕಿನಲ್ಲಿ ಒಮ್ಮೆಯಾದರೂ ಅಪ್ಪನಿಗೆ ಕೊಟ್ಟ ಮಾತನ್ನು ನಡೆಸುವುದು.

ನಡುವೆ ಮಹಾನವಮಿ ಬಂತು. ಆಯುಧ ಪೂಜೆಯ ದಿನ ಊರವರೆಲ್ಲ ಕುಡುಗೋಲು, ತಕ್ಕಡಿ, ಹೊಲಿಗೆ ಮಿಷನ್ನು ಪೂಜೆಗಿಟ್ಟರೆ ವೀರಭದ್ರಯ್ಯ ಬೆಳಿಗ್ಗೆಯೇ ನನ್ನ ಬಳಿ ನಟ್ಟು ಬಿಚ್ಚುವ ಪಾನಾ ಕೇಳಿಕೊಂಡು ಹೋದ. ಹೋಳಿಗೆ ಊಟಕ್ಕೆ ನಾನು ಹೋದಾಗ ಜಗುಲಿಯ ಮೇಲೆ ಹಿತ್ತಾಳೆ ತಟ್ಟೆಯಲ್ಲಿ ಕಾರಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ಸಾಲಾಗಿ ನಿಂತಿದ್ದವು.

"ಇವು ಇಂಜಿನ್ನಿನ ಜೀವ ರೀ ಮಾಸ್ತರ್ರ," ಅಂದ. "ಕಿಡಿ ಹುಟ್ಟೋದು ಇಲ್ಲೇ. ಹೊರಗ ಕಬ್ಬಿಣಕ್ಕ ಕುಂಕುಮ ಹಚ್ಚಿ ಏನ್ ಬಂತು, ಪೂಜಿ ಮಾಡಿದ್ರ ಜೀವಕ್ಕ ಮಾಡಬೇಕು."

"ಅಮರೇಶ ಬಾನೆಟ್ ಮುಟ್ಟಬ್ಯಾಡ ಅಂದಿದ್ನಲ್ಲ?"

"ಅವಂಗ ಯಾರ್ ಹೇಳ್ತಾರ?" ಎಂದು ನನ್ನನ್ನೇ ದಿಟ್ಟಿಸಿ ನೋಡಿದ. ಹೇಳುವುದಿಲ್ಲ ಎಂದು ನಾನು ಹೋಳಿಗೆಯ ಮೇಲೆ ಆಣೆ ಮಾಡಿದೆ.

ದಾಕ್ಷಾಯಣಮ್ಮ ತಟ್ಟೆಯ ಮುಂದೆ ಕೂತವರು ಗಲ್ಲ ಗಲ್ಲ ಬಡಿದುಕೊಂಡರು. ಪ್ಲಗ್ಗಿನ ಮೇಲ್ಭಾಗ ಬೆಳ್ಳಗೆ ನುಣ್ಣಗೆ ಪಿಂಗಾಣಿ. "ಅಯ್ಯ ಶಿವನ, ಲಿಂಗಪ್ಪ ಕುಂತಂಗ ಅದಾವಲ್ರೀ!" ಎಂದವರೇ ವಿಭೂತಿ ನೆನೆಸಿ ಒಂದೊಂದಕ್ಕೂ ಮೂರು ಮೂರು ಎಳೆ ಎಳೆದರು. ವೀರಭದ್ರಯ್ಯ ಅವನ್ನು ಹಾಗೆಯೇ ತಿರುಗಿ ಕೂರಿಸಿದ. ದೇವರಿಗೆ ಹಚ್ಚಿದ್ದನ್ನು ಒರೆಸಲಾದೀತೆ? ಮೇಲಿನ ರಬ್ಬರ್ ಟೊಪ್ಪಿಗೆಗಳನ್ನು ಪೂರ್ತಿ ಒತ್ತಿದರೆ ಎಳೆ ಅಳಿಸೀತೆಂದು ಅರ್ಧಕ್ಕೇ ಬಿಟ್ಟು ತಗಡಿನ ಮುಚ್ಚಳ ಹಾಕಿ ಬಿಗಿದ. ಅಂದು ನಾನು ಮೂರು ಹೋಳಿಗೆ ತಿಂದೆ, ಅದರ ಮೇಲೆ ಈ ಸಂಗತಿ ನನಗೆ ಪೂರ್ತಿ ಮರೆತುಹೋಯಿತು.

ಹದಿನೈದು ದಿನ ಕಳೆದು, ಪುಣ್ಯತಿಥಿಗೆ ಮೊದಲು ಒಮ್ಮೆ ದಾರಿ ನೋಡಿ ಬರೋಣ ಎಂದು ಹೊರಟೆವು. ಮುಂದಿನ ಸೀಟಿನಲ್ಲಿ ದೊಡ್ಡಯ್ಯನವರ ಫೋಟೊ, ಹಡಗಲಿ ಮಲ್ಲಿಗೆಯ ಹಾರ, ಅದರ ಮೇಲೆ ಸೀಟ್ ಬೆಲ್ಟು. ಹಿಂದೆ ಆ ಕಿಟಕಿಗೆ ದಾಕ್ಷಾಯಣಮ್ಮ, ಈ ಕಿಟಕಿಗೆ ನಾನು, ನಡುವೆ ಬಾಳೆಹಣ್ಣಿನ ಬುಟ್ಟಿ. ಊರು ಬಿಟ್ಟು ಬಹಳ ದೂರದವರೆಗೆ ರಸ್ತೆ ಎಂಬುದು ಗುಂಡಿಗಳ ನಡುವಿನ ಜಾಗ. ಹಡಗಲಿ ದಾರಿಯಲ್ಲಿ ಜಾಲಿ ದಿಬ್ಬ ಎಂಬ ಏರು ಬರುತ್ತದೆ, ಅಲ್ಲಿಂದ ಹೊಸ ಡಾಂಬರು. ಏರು ಕಂಡ ಕೂಡಲೇ ವೀರಭದ್ರಯ್ಯ ಹುರುಪಿನಿಂದ ಆಕ್ಸಿಲರೇಟರ್ ತುಳಿದ. ಟರ್ಬೊ ಸುಂಯ್ ಎಂದು ಗಾಳಿ ಎಳೆಯಿತು. ಕಾರು ಹಾರಲು ಸಜ್ಜಾಯಿತು.

ಆಗ ಬಾನೆಟ್ಟಿನೊಳಗಿಂದ ಕೇಳಿತು. ಖೊಕ್, ಖೊಕ್, ಖೋಓಓ.

ಕಾರು ಜಗ್ಗಿತು. ನಮ್ಮ ತಲೆಗಳು ಮುಂದೆ ಹೋಗಿ ಹಿಂದೆ ಬಂದವು. ವೀರಭದ್ರಯ್ಯ ಮತ್ತೆ ತುಳಿದ. ಖೊಕ್, ಖೊಕ್, ಖೋಓಓ. ಕಾಲು ಸಡಿಲಿಸಿದರೆ ಇಂಜಿನ್ ಮಗುವಿನಂತೆ ಸುಮ್ಮನಾಗುತ್ತಿತ್ತು, ತುಳಿದರೆ ಕೆಮ್ಮುತ್ತಿತ್ತು. ನಾನು ಪಕ್ಕಕ್ಕೆ ನೋಡಿದೆ. ದಾಕ್ಷಾಯಣಮ್ಮ ಸೆರಗನ್ನು ತಲೆಮೇಲೆ ಎಳೆದುಕೊಂಡು ಕಣ್ಣು ಕೆಳಗೆ ಹಾಕಿ ಕೂತಿದ್ದರು.

"ಮಾವಾರು," ಅಂದರು, ಪಿಸುಮಾತಿನಲ್ಲಿ.

ಫೋಟೊದಲ್ಲಿ ದೊಡ್ಡಯ್ಯ ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಕಾರು ತಿರುಗಿಸಿದೆವು.

ಸಂಜೆಯೊಳಗೆ ಓಣಿಗೆ, ಮರುದಿನಕ್ಕೆ ಊರಿಗೆ ಸುದ್ದಿ ಮುಟ್ಟಿತು. ದೊಡ್ಡಯ್ಯ ಕಾರಿನಲ್ಲಿ ಸೇರಿಕೊಂಡಿದ್ದಾರೆ, ಮಗನ ಮೇಲೆ ಸಿಟ್ಟಿದೆ, ಜಾಲಿ ದಿಬ್ಬ ದಾಟಗೊಡುವುದಿಲ್ಲ. ದೊಡ್ಡಯ್ಯನವರು ಅಲ್ಲಿ ಗಾಡಿ ನಿಲ್ಲಿಸಿ "ಎತ್ತಿಗೆ ದಣಿವಾಗೈತಿ" ಎಂದು ಇಳಿಯುತ್ತಿದ್ದುದು ಮುದುಕರಿಗೆಲ್ಲ ನೆನಪಿತ್ತು. ಅಂಚೆ ಕಚೇರಿಗೆ ಬಂದವರು ಸ್ಟಾಂಪು ಕೇಳುವ ಮೊದಲು ಕೆಮ್ಮು ಕೇಳುತ್ತಿದ್ದರು. ನಾನು ವಿಜ್ಞಾನದ ಮನುಷ್ಯ, ಆದರೂ ಮಾಡಿ ತೋರಿಸುತ್ತಿದ್ದೆ.

ಕೂಡ್ಲಿಗಿಯಿಂದ ಪಾಲಾಕ್ಷಪ್ಪನನ್ನು ಕರೆಸಿದೆವು. ಲಾರಿ, ಪಂಪ್‌ಸೆಟ್ಟು, ಶೇಂಗಾ ಒಡೆಯುವ ಮಿಷನ್ನು, ಎಲ್ಲಕ್ಕೂ ಕೈ ಹಾಕಿದವನು. ಮಾತು ಕಡಿಮೆ. ಬಂದವನೇ ಮೊದಲು ಕೇಳಿದ್ದು, "ಪ್ಲಗ್ ಏನಾರ ಬಿಚ್ಚೀರೇನ್ರಿ ಅಯ್ಯಾರ?"

ವೀರಭದ್ರಯ್ಯ ಕಣ್ಣು ಮುಚ್ಚಿ ತೆರೆದ. "ಛೆ ಛೆ. ಕಂಪನಿಯವರು ಕುಂದ್ರಿಸಿದ್ದು, ಯಾರೂ ಮುಟ್ಟಿಲ್ಲ. ಆ ಮುಚ್ಚಳ ತೆಗಿಬಾರ್ದು ಅಂತ ನಮ್ಮ ಅಮರೇಶನ ಹುಕುಂ ಐತಿ."

ಪಾಲಾಕ್ಷಪ್ಪ ತಲೆ ಆಡಿಸಿ ಬೇರೆ ಕಡೆ ಹುಡುಕಲು ಹೋದ. ಸುಳ್ಳು ಹೇಳುವ ರೋಗಿಯ ಮುಂದೆ ಯಾವ ಡಾಕ್ಟರನೂ ಅಷ್ಟೇ. ಗಾಳಿ ಜಾಲರಿ ತೆಗೆದು ಬಡಿದ, ಅದರಿಂದ ಅರ್ಧ ಸೇರು ಅದಿರಿನ ಕೆಂಪು ಧೂಳು ಬಿತ್ತು. ಕೆಮ್ಮು ಹೋಗಲಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಹೊಸ ಪೆಟ್ರೋಲ್ ಫಿಲ್ಟರ್ ತಂದು ಹಾಕಿದ. ಹೋಗಲಿಲ್ಲ. ಟ್ಯಾಂಕ್ ಬರಿದು ಮಾಡಿ ಬೇರೆ ಪೆಟ್ರೋಲ್ ತುಂಬಿದ, ಟರ್ಬೊದ ರಬ್ಬರ್ ಕೊಳವೆಗಳಿಗೆ ಸೋಪಿನ ನೀರು ಹಚ್ಚಿ ಗಾಳಿ ಸೋರುತ್ತದೆಯೋ ನೋಡಿದ. ಕೊನೆಗೆ ತಾನೇ ಕೇಳುತ್ತೇನೆಂದು ಮುಂದಿನ ಸೀಟಿಗೆ ಹೋದರೆ ಅಲ್ಲಿ ಫೋಟೊ. ಅದನ್ನು ಎತ್ತಿ ಹಿಂದಿಡಲು ಯಾರಿಗೂ ಧೈರ್ಯವಾಗದೆ ಪಾಲಾಕ್ಷಪ್ಪ ದೊಡ್ಡಯ್ಯನವರನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಬ್ಬರಿಗೂ ಒಂದೇ ಬೆಲ್ಟು ಹಾಕಿ ಹೊರಟ.

ದಿಬ್ಬದ ಮೇಲೆ ಕೆಮ್ಮು ಬಂತು. ಪಾಲಾಕ್ಷಪ್ಪ ಕಿವಿಗೊಟ್ಟು ಕೇಳಿದ. ಅವನ ಮುಖದ ಬಣ್ಣ ಇಳಿಯಿತು.

"ಇದು ನಾ ಕೇಳಿದ್ದ ಕೆಮ್ಮು," ಅಂದ. "ನಮ್ ಕುರಿಹಟ್ಟಿಗೆ ದೊಡ್ಡಯ್ನೋರು ಬರ್ತಿದ್ರು."

ಇತ್ತ ದಾಕ್ಷಾಯಣಮ್ಮ ಮಾವನವರನ್ನು ಸಮಾಧಾನಪಡಿಸಲು ದಿನಾ ಬೆಳಿಗ್ಗೆ ಬಾನೆಟ್ಟು ಎತ್ತಿ ಇಂಜಿನ್ನಿನ ಮುಚ್ಚಳದ ಮೇಲೆ ಪಾದೋದಕ ಬಿಡತೊಡಗಿದರು. ಮುಚ್ಚಳದ ತೂತುಗಳಿಂದ ಅದು ಒಳಗಿಳಿಯುತ್ತಿತ್ತು. ಪೂಜೆ ಹೆಚ್ಚಿದಷ್ಟೂ ಕೆಮ್ಮು ಹೆಚ್ಚಿತು. ಕೆಮ್ಮು ಹೆಚ್ಚಿತೆಂದು ಅವರು ಪೂಜೆ ಹೆಚ್ಚಿಸಿದರು. ಶುಂಠಿ ಕಷಾಯವನ್ನೂ ಒಂದು ಲೋಟ ಬಂಪರಿನ ಮುಂದೆ ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಲೋಟ ಖಾಲಿಯಾಗಿರುತ್ತಿತ್ತು. ಓಣಿಯಲ್ಲಿ ಬೆಕ್ಕುಗಳಿದ್ದವು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ.

ಪುಣ್ಯತಿಥಿಗೆ ಹನ್ನೆರಡು ದಿನ ಉಳಿದಾಗ ಚಿಗಟೇರಿ ಕಡೆಯಿಂದ ಸುಂಕಮ್ಮ ಬಂದಳು. ಮೈಮೇಲೆ ದೇವಿ ಬರುವ ಹೆಂಗಸು. ಕೊಟ್ಟೂರಿನಲ್ಲಿ ಅವಳಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ. ಹಗಲು ಹನ್ನೊಂದರ ಬಿಸಿಲಿನಲ್ಲಿ, ಅಂಗಳದ ತುಂಬ ಜನರಿದ್ದಾಗ, ಅವಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಳು.

"ಒಳಗೆ ಕುಂತಾನೆ," ಅಂದಳು. "ಹೊಗೆ ಕೇಳ್ತಾನೆ."

"ಎಂಥಾ ಹೊಗಿ ಯವ್ವಾ? ಲೋಬಾನ ಹಾಕ್ಲೇನು?" ಎಂದರು ದಾಕ್ಷಾಯಣಮ್ಮ.

"ಲೋಬಾನ ಅಲ್ಲ. ಬೀಡಿ."

"ನಮ್ಮ ಅಪ್ಪ ಬೀಡಿ ಮುಟ್ಟಿದಾತ ಅಲ್ಲ!" ಎಂದು ವೀರಭದ್ರಯ್ಯ ಕೂಗಾಡಿದ. ನಾನು ಮೆಲ್ಲಗೆ ಜನರ ಹಿಂದೆ ಸರಿದೆ. ದೊಡ್ಡಯ್ಯನವರು ಜಾಲಿ ದಿಬ್ಬದಲ್ಲಿ ಗಾಡಿ ನಿಲ್ಲಿಸುತ್ತಿದ್ದುದು ಎತ್ತಿನ ದಣಿವಿಗಲ್ಲ, ಮನೆಯವರ ಕಣ್ಣು ತಪ್ಪಿಸಿ ಒಂದು ಬೀಡಿ ಎಳೆಯುವುದಕ್ಕೆ. ಅದು ಗೊತ್ತಿದ್ದುದು ನನಗೊಬ್ಬನಿಗೇ, ಯಾಕೆಂದರೆ ಎರಡು ಸಲ ನಾನೂ ಜೊತೆಯಲ್ಲಿ ಎಳೆದಿದ್ದೆ. ಈಗ ಸುಂಕಮ್ಮ ತಿರುಗಿ ನೇರ ನನ್ನತ್ತ ಕೈ ಚಾಚಿದಳು. ನಮ್ಮ ಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಬೀಡಿ ಬಿಟ್ಟು ಆರು ವರ್ಷವಾಯಿತೆಂದು ಅವಳಿಗೆ ನಾನು ಹೇಳಿದ್ದೆ. ಜೇಬಿನಿಂದ ಕಟ್ಟು ತೆಗೆದು ಕೊಟ್ಟೆ.

ಸುಂಕಮ್ಮ ಬೀಡಿ ಹಚ್ಚಿ ಮುಂದಿನ ಜಾಲರಿಯ ಸಂದಿಗೆ ಸಿಕ್ಕಿಸಿ ಇಂಜಿನ್ ಚಾಲೂ ಮಾಡಲು ಹೇಳಿದಳು. ವೀರಭದ್ರಯ್ಯ ಒಳಗೆ ಕೂತು ಆಕ್ಸಿಲರೇಟರ್ ಒತ್ತಿದ. ಬೀಡಿಯ ತುದಿ ಕೆಂಪಗೆ ಉರಿಯಿತು. ಕಾಲು ಬಿಟ್ಟ, ಕೆಂಡ ಮಂಕಾಯಿತು. ಮತ್ತೆ ಒತ್ತಿದ. ಯಾರೋ ತುಟಿಗಿಟ್ಟು ಆಸೆಯಿಂದ ಎಳೆದಂತೆ ಕೆಂಡ ಪಳಪಳನೆ ಹೊಳೆದು ಬೀಡಿ ಅರ್ಧಕ್ಕಿಳಿಯಿತು, ಹೊಗೆಯಷ್ಟೂ ಒಳಗೇ ಹೋಯಿತು, ಒಂದೆಳೆಯೂ ಹೊರಗೆ ಬರಲಿಲ್ಲ.

ಜಾಲರಿಯ ಹಿಂದೆಯೇ ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಇದೆಯೆಂದೂ, ಅಲ್ಲಿ ಬೀಡಿ ಇಟ್ಟರೆ ಯಾವ ಕಾರಾದರೂ ಸೇದುತ್ತದೆಯೆಂದೂ ಪಾಲಾಕ್ಷಪ್ಪ ಆಮೇಲೆ ವಿವರಿಸಿದನಂತೆ. ನಾನು ಕೇಳಲಿಲ್ಲ. ಆಗಲೇ ನಾನು ಅಂಚೆ ಕಚೇರಿಯಲ್ಲಿದ್ದೆ, ಚಪ್ಪಲಿ ಅಂಗಳದಲ್ಲಿತ್ತು. ಇದು ಮೊದಲನೆಯ ತುರ್ತು ಕೆಲಸ.

ಆ ಸಂಜೆ ವೀರಭದ್ರಯ್ಯ ಗೋಡೆಯ ಮೇಲಿನಿಂದ ಮುಖ ಹಾಕಿದ. ಕಣ್ಣು ಕೆಂಪಾಗಿದ್ದವು.

"ಮಾಸ್ತರ್ರ, ನಾಲ್ಕು ಸೋಮವಾರ ಮುಂದ ಹಾಕಿದೆ. ಅಪ್ಪ ಒಂದ್ ಮಾತೂ ಅನ್ನಲಿಲ್ಲ. ಈಗ ಅನ್ನಾಕತ್ತಾನ. ನನ್ ಜೋಡಿ ಬರಂಗಿಲ್ಲ ಅಂತಾನೇನ್ರಿ?"

ಯಾವುದಕ್ಕೂ ಉತ್ತರವಿದ್ದ ಮನುಷ್ಯ ನನ್ನ ಬಳಿ ಉತ್ತರ ಕೇಳಲು ಬಂದಿದ್ದ. ನನಗೆ ನಿಜಕ್ಕೂ ಸಂಕಟವಾಯಿತು. "ಇಂಜಿನ್ ರೀ ಅದು, ಇಂಜಿನ್" ಅಂದೆ. ಹೇಳುವಾಗ ನಾನೂ ಕಾರಿನ ಕಡೆ ನೋಡಲಿಲ್ಲ.

ಪುಣ್ಯತಿಥಿಯ ಹಿಂದಿನ ದಿನ, ಭಾನುವಾರ, ಅಮರೇಶ ಬಂದ. ಕೆಮ್ಮುವ ಕಾರಿನ ಸುದ್ದಿ ಅವನಿಗೆ ಹೊಸಪೇಟೆಯಲ್ಲೇ ಮುಟ್ಟಿತ್ತು. ಅದೇ ದಿನ ಪಾಲಾಕ್ಷಪ್ಪನೂ ಬಂದು, ಇವತ್ತು ಮುಚ್ಚಳ ತೆಗೆದೇ ನೋಡುತ್ತೇನೆ, ಅದಕ್ಕೆ ಕಗ್ಗತ್ತಲು ಬೇಕು ಎಂದ. "ಕಿಡಿ ಎಲ್ಲಾರ ಸೋರಿದ್ರ ಬೆಳಕಿನ್ಯಾಗ ಕಾಣಂಗಿಲ್ರಿ." ಹಗಲಿನಲ್ಲಿ ಕತ್ತಲು ಸಿಗುವುದು ಓಬಳೇಶಪ್ಪನ ಶೇಂಗಾ ಗೋದಾಮಿನಲ್ಲಿ ಮಾತ್ರ. ಕಾರನ್ನು ಮೂಟೆಗಳ ನಡುವೆ ನಿಲ್ಲಿಸಿ, ಹೊಗೆ ಹೊರಗೆ ಹೋಗಲೆಂದು ಬಾಲವನ್ನು ಬಾಗಿಲ ಸಂದಿಗೆ ಇಟ್ಟು, ಸುತ್ತ ತಾಡಪಾಲು ಇಳಿಬಿಟ್ಟರು. ನಾವು ಐದು ಜನ ಹೋದದ್ದು. ತಾಡಪಾಲು ಬೀಳುವ ಹೊತ್ತಿಗೆ ಅರ್ಧ ಓಣಿ ಮೂಟೆಗಳ ಮೇಲೆ ಕೂತಿತ್ತು, ಮುಂದಿನ ಮೂಟೆಯ ಮೇಲೆ ಸುಂಕಮ್ಮ.

ಪಾಲಾಕ್ಷಪ್ಪ ಕತ್ತಲಲ್ಲೇ ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟ. ಗಾಲಿಗಳಿಗೆ ಕಲ್ಲು ಕೊಟ್ಟ. "ಅಯ್ಯಾರ, ಗೇರಿಗೆ ಹಾಕಿ ಬ್ರೇಕ್ ಬಿಗಿ ಹಿಡೀರಿ, ಕ್ಲಚ್ ಅರ್ಧ ಬಿಟ್ಟು ಒತ್ರಿ. ಗಾಡಿ ದಿಬ್ಬ ಏರಾಕತ್ತೀನಿ ಅಂತ ತಿಳೀಬೇಕು."

ಇಂಜಿನ್ ಗುಡುಗಿತು. ಟರ್ಬೊ ಸುಂಯ್ ಎಂದಿತು. ಖೊಕ್, ಖೊಕ್, ಖೋಓಓ.

ಕತ್ತಲಲ್ಲಿ ನಾಲ್ಕು ಬೆಳ್ಳನೆಯ ಆಕಾರಗಳು ಮೂಡಿದವು. ಒಂದೊಂದರ ಮೇಲೂ ಮೂರು ಎಳೆ ವಿಭೂತಿ. ಆ ಎಳೆಗಳ ಮೇಲೆ ನೀಲಿ ಬೆಳಕು ಹುಟ್ಟಿ, ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲಿಳಿದಂತೆ ಇಳಿದು, ಚಟಚಟ ಎಂದು ಆರಿತು. ಕೆಮ್ಮು ಬಂದಾಗಲೆಲ್ಲ ಬೆಳಕು ಬರುತ್ತಿತ್ತು. ಆ ಬೆಳಕಿನಲ್ಲಿ ಪಾಲಾಕ್ಷಪ್ಪನ ಮುಖ ನೀಲಿ, ಸುಂಕಮ್ಮನ ಮುಖ ನೀಲಿ, ಕಾರಿನೊಳಗೆ ಫೋಟೊದ ಗಾಜು ನೀಲಿ.

"ಶಿವಶಿವಾ!" ಎಂದು ಮೂಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಅಡ್ಡಬಿದ್ದರು. ಶೇಂಗಾ ಚೆಲ್ಲಾಡಿತು. ಯಾರೋ ಕಾಯಿ ಒಡೆದರು. ಗೋದಾಮಿನಲ್ಲಿ ಅಷ್ಟು ಬೇಗ ತೆಂಗಿನಕಾಯಿ ಎಲ್ಲಿಂದ ಬಂತೋ ತಿಳಿಯದು. ನನಗೆ ರಿಜಿಸ್ಟರ್ ಕಾಗದವೊಂದು ನೆನಪಾಗಿ ತಾಡಪಾಲಿನ ಕಡೆ ಹೊರಟೆ. ಅದೇ ದಾರಿಯಲ್ಲಿ ಅಮರೇಶನೂ ಬರುತ್ತಿದ್ದ, ಇಬ್ಬರೂ ತಾಡಪಾಲಿನಲ್ಲಿ ಸುತ್ತಿಕೊಂಡು ಬಿದ್ದೆವು. ಹೀಗಾಗಿ ಮುಂದಿನದನ್ನೆಲ್ಲ ನಾವು ಅಲ್ಲಿಂದಲೇ ಕೇಳಬೇಕಾಯಿತು.

"ಇಬತ್ತಿ ಯಾರ್ ಹಚ್ಚಿದ್ರಿ?" ಪಾಲಾಕ್ಷಪ್ಪನ ದನಿ ಕಟುವಾಗಿತ್ತು.

"ನಾನ," ಎಂದರು ದಾಕ್ಷಾಯಣಮ್ಮ.

"ಅಮ್ಮಾರ, ನಿಧಾನ ಹೋಗುವಾಗ ಸಿಲಿಂಡರ್ ಒಳಗ ಒತ್ತಡ ಕಮ್ಮಿ, ಕಿಡಿ ಸಲೀಸಾಗಿ ಒಳಗ ಹಾರ್ತೈತಿ. ಟರ್ಬೊ ಗಾಳಿ ತುಂಬಿ ಒತ್ತಿತಂದ್ರ ಕಿಡಿಗೆ ಒಳಗ ಹಾರೂದು ಕಷ್ಟ. ಆವಾಗ ಅದು ಸುಲಭದ ದಾರಿ ಹುಡುಕ್ತೈತಿ. ಹೊರಗ ನೀವು ಹಸಿ ಇಬತ್ತಿ ದಾರಿ ಹಾಕಿ ಕೊಟ್ಟೀರಿ, ಮ್ಯಾಲೆ ದಿನಾ ನೀರು ಬ್ಯಾರೆ ಬಿಟ್ಟೀರಿ. ಕಿಡಿ ಹೊರಗಿಂದ ಹೊರಗ ಹೊಂಟ್ ಹೋಗ್ತೈತಿ, ಪೆಟ್ರೋಲ್ ಉರಿಯಂಗಿಲ್ಲ, ಗಾಡಿ ಕೆಮ್ತೈತಿ. ಇಷ್ಟ. ದೆವ್ವಿಲ್ಲ, ಏನಿಲ್ಲ."

ತಾಡಪಾಲಿನೊಳಗಿಂದ ಅಮರೇಶ ಕೇಳಿದ, "ಭಾವಾರ, ಬಾನೆಟ್ ಯಾರ್ ತೆಗೆದ್ರಿ?"

ವೀರಭದ್ರಯ್ಯ ಇಂಜಿನ್ ನಿಲ್ಲಿಸಿದ.

"ನಾನ ತೆಗೆದಿದ್ದು ಅಮರೇಶ. ಪ್ಲಗ್ಗಿಗೆ ನೀರು ಇಬತ್ತಿ ತಾಗಬಾರ್ದು ಅಂತ ನನಗ..." ಎಂದು ತಡವರಿಸಿದ. "ನನಗ ಗೊತ್ತಿರ್ಲಿಲ್ಲ."

ಇಪ್ಪತ್ತು ವರ್ಷದ ನೆರೆಹೊರೆಯಲ್ಲಿ ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಮರೇಶ ತಾಡಪಾಲಿನಿಂದ ಹೊರಬಂದು, ನೀಲಿ ಬೆಳಕು ಕಂಡಿದ್ದ ಜಾಗವನ್ನೊಮ್ಮೆ ನೋಡಿ, "ಗಾಡಿ ನೀವ ಇಟ್ಕಳ್ರಿ ಭಾವಾರ. ನನಗ ಬ್ಯಾಡ" ಎಂದು ಕೈಮುಗಿದ. ಕಾರಿಗೋ ಭಾವನಿಗೋ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಗದ್ದುಗೆಯ ಪೂಜೆ ಮುಗಿಸಿ ಹೊರಟೆವು. ಪಾಲಾಕ್ಷಪ್ಪ ಪ್ಲಗ್ಗುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಟೊಪ್ಪಿಗೆಗಳನ್ನು ಒತ್ತಿ ಕೂರಿಸಿದ್ದ. ಅವನೂ ಹಿಂದಿನ ಸೀಟಿನಲ್ಲಿ ನಮ್ಮೊಡನೆ ಒತ್ತಿಕೊಂಡಿದ್ದ. ಜಾಲಿ ದಿಬ್ಬ ಬಂತು. ವೀರಭದ್ರಯ್ಯ ಫೋಟೊ ಕಡೆ ನೋಡಿ, ಉಸಿರು ಬಿಗಿಹಿಡಿದು ತುಳಿದ. ಟರ್ಬೊ ಸುಂಯ್ ಎಂದಿತು. ಕಾರು ಒಂದೇ ಎಳೆತಕ್ಕೆ ದಿಬ್ಬದ ನೆತ್ತಿಯಲ್ಲಿತ್ತು. ಕೆಮ್ಮಿಲ್ಲ, ಕಫವಿಲ್ಲ.

"ಹೆಂಗ್ರಿ ಅಯ್ಯಾರ!" ಎಂದು ಪಾಲಾಕ್ಷಪ್ಪ ತೊಡೆ ತಟ್ಟಿದ. ವೀರಭದ್ರಯ್ಯ ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿ ಕಿವಿಗೊಟ್ಟು ಕೂತ. ಜಾಲಿಯ ಮುಳ್ಳಿನಲ್ಲಿ ಗಾಳಿ ಸೀಳುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

"ಅಪ್ಪ ಬಂದಾನೋ, ಇಳಿದು ಹೋದ್ನೋ?" ಅಂದ.

"ಇಂಜಿನ್ ಸರಿ ಆಗೈತ್ರಿ."

"ಇಂಜಿನ್ ಸುದ್ದಿ ಅಲ್ಲಪಾ ನಾ ಕೇಳಿದ್ದು," ಎಂದವನೇ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟ. ಆರು ವಾರ ಅಪ್ಪನ ಕೆಮ್ಮಿಗೆ ಹೆದರಿದವನು ಈಗ ಅದಿಲ್ಲವೆಂದು ಅಳುತ್ತಿದ್ದ. ಪಾಲಾಕ್ಷಪ್ಪ ತಪ್ಪು ಮಾಡಿದವನಂತೆ ತನ್ನ ಕೈಗಳನ್ನು ನೋಡಿಕೊಂಡ. ಮಾಗಳದಲ್ಲಿ ತುಂಗಭದ್ರೆಯ ದಡದ ಮೇಲೆ ವೀರಭದ್ರಯ್ಯ ಫೋಟೊವನ್ನು ಎದೆಗೊತ್ತಿ ಹೊಳೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ. ಕೊಟ್ಟ ಮಾತು ಮುಗಿಯಿತು, ಮನಸ್ಸು ತುಂಬಲಿಲ್ಲ.

ಊರಿಗೆ ಬಂದ ಮೇಲೆ ಕಾರಿಗೆ ಹಳೆಯ ಜಮಖಾನೆ ಹೊದಿಸಿದ. ಅಂಗಡಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ "ಗೊತ್ತಿಲ್ಲ" ಎನ್ನತೊಡಗಿದ. ಓಣಿಯವರಿಗೆ ಅದನ್ನು ಕೇಳಲಾಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ವೀರಭದ್ರಯ್ಯನ ನಗು ಕೇಳಿತು. "ಮಾಸ್ತರ್ರ, ಮೊನ್ನಿ ಗಾಡಿ ತೆಗೆದು ದಿಬ್ಬಕ್ಕ ಹೋಗಿದ್ದೆ. ಬಂದಾನ್ರೀ! ಕೆಮ್ಮಿದ! ಅದ ಕೆಮ್ಮು!" ಎಂದು ಮಲ್ಲಿಗೆ ಹಾರ ಹಿಡಿದು ಒಳಗೆ ಓಡಿದ.

ನನಗೆ ತಿಳಿಯಿತು. ಇದು ದಾಕ್ಷಾಯಣಮ್ಮನವರ ಕೈಕೆಲಸ, ಹೆಂಡತಿಯರ ಕರುಣೆ ನನಗೆ ಗೊತ್ತಿಲ್ಲದ್ದಲ್ಲ. ಅವನು ಒಳಗಿರುವಾಗಲೇ ಅಂಗಳಕ್ಕೆ ಹೋಗಿ ಬಾನೆಟ್ಟು ಎತ್ತಿದೆ. ಮುಚ್ಚಳ ಬಿಚ್ಚಿಟ್ಟಿತ್ತು. ನಾಲ್ಕನೆಯ ಪ್ಲಗ್ಗಿನ ಟೊಪ್ಪಿಗೆ ಅರ್ಧ ಎದ್ದಿತ್ತು, ಕೆಳಗೆ ಹೊಸ ವಿಭೂತಿ, ತೆಳ್ಳನೆಯ ಬೆರಳಿನ ಮೂರು ಎಳೆ. ಹಿಂದೆ ಬಳೆ ಸದ್ದಾಯಿತು. ದಾಕ್ಷಾಯಣಮ್ಮ ಕಷಾಯದ ಲೋಟ ಹಿಡಿದು ನಿಂತಿದ್ದರು.

"ನೀವು ಹಚ್ಚಿದ್ದಲ್ರಿ ತಂಗಿ?" ಎಂದೆ ಮೆಲ್ಲಗೆ. "ಒಳ್ಳೇದಾತು ಬಿಡ್ರಿ. ನಾ ಯಾರಿಗೂ ಹೇಳಂಗಿಲ್ಲ."

"ಹೌದ್ರೀ ಅಣ್ಣಾರ, ನಾನ ಹಚ್ಚಿದ್ದು," ಎಂದರು. "ನಿನ್ನಿ ಸಂಜಿಮುಂದ."

"ನಿನ್ನೆ? ಕೆಮ್ಮು ಮೊನ್ನೆಯೇ ಬಂತಲ್ಲ?"

"ಅದಕ್ಕ ಹಚ್ಚಿದೆ," ಎಂದರು ಅವರು, ಇಷ್ಟೂ ತಿಳಿಯದೆ ಎಂಬಂತೆ ನನ್ನನ್ನು ನೋಡುತ್ತ. "ಮಾವಾರು ತಿರುಗಿ ಮನಿಗೆ ಬಂದ ಮ್ಯಾಲೆ ಬರೀ ಹಣಿಲಿ ಕುಂದ್ರಸಾಕ ಆಗ್ತೈತೇನ್ರೀ?"

ನಾನು ಬಾನೆಟ್ಟನ್ನು ಸದ್ದಾಗದಂತೆ ಇಳಿಸಿದೆ. ಅಷ್ಟರಲ್ಲಿ ವೀರಭದ್ರಯ್ಯ ಹಾರ ಹಾಕಿದ ಫೋಟೊ ತಂದು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಕಾರನ್ನು ಓಣಿಗಿಳಿಸಿದ. ತಿರುವಿನ ಸಣ್ಣ ಏರಿನಲ್ಲಿ ಅವನು ತುಳಿದದ್ದು ಕೇಳಿಸಿತು, ಟರ್ಬೊ ಸುಂಯ್ ಎಂದಿತು, ಆಮೇಲೆ ಎರಡು ಗಿಡ್ಡ, ಒಂದು ಉದ್ದ. ದಾಕ್ಷಾಯಣಮ್ಮ ಸೆರಗನ್ನು ತಲೆಮೇಲೆ ಎಳೆದುಕೊಂಡರು.

ಪಾಲಾಕ್ಷಪ್ಪನನ್ನು ಕೇಳಿದರೆ ಇದಕ್ಕೂ ಏನಾದರೂ ಕಾರಣ ಹೇಳುತ್ತಾನೆ. ನಾನು ಇನ್ನೂ ಕೇಳಿಲ್ಲ. ಈ ಸಲ ನಾನು ಓಡಲೂ ಇಲ್ಲ. ಕಚೇರಿಗೆ ಹೊತ್ತಾಯಿತೆಂದು ಹೊರಡಲು ನೋಡಿದರೆ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವು ರಂಗೋಲಿಯ ಆಚೆ, ಗುಡಿಯ ಮುಂದೆ ಬಿಟ್ಟ ಹಾಗೆ ಜೋಡಿಸಿಟ್ಟಂತೆ ಇದ್ದವು, ಯಾವಾಗ ಬಿಟ್ಟೆನೋ ನನಗೆ ಗೊತ್ತಿಲ್ಲ.